ಭಟ್ರ ಗೇಟು ಕಲಿಸಿದ ಪಾಠ: ನುಣುಪಿನ ಮೇಲೆ ಬಣ್ಣ ನಿಲ್ಲಿಸುವ ಕೆಲಸ

ಕಾಸರಗೋಡು ಕಡೆಯ ಬದಿಯಡ್ಕದ ಹತ್ತಿರ ಭಟ್ರದ್ದೊಂದು ಅಡಿಕೆ ತೋಟದ ಮನೆ. ಏಪ್ರಿಲ್ ತಿಂಗಳಲ್ಲಿ ಹೊಸ ಜಿಐ ಪೈಪಿನ ಗೇಟು ಕೂರಿಸಿದ್ದರು. ನಾನು ಸ್ವಂತವಾಗಿ ಹಿಡಿದ ಮೊದಲ ಪೈಂಟಿಂಗ್ ಕೆಲಸಗಳಲ್ಲಿ ಅದೂ ಒಂದು. ಬಟ್ಟೆಯಲ್ಲಿ ಒರೆಸಿ, ಉಪ್ಪು ಕಾಗದದಲ್ಲಿ ಉಜ್ಜಿ, ಒಂದು ಕೋಟು ರೆಡ್ ಆಕ್ಸೈಡ್ ಪ್ರೈಮರ್, ಅಂದರೆ ಬಣ್ಣದ ಅಡಿಗೆ ಹಚ್ಚುವ ಲೇಪ, ಕೊಟ್ಟೆ. ಅದರ ಮೇಲೆ ಎರಡು ಕೋಟು ಹಸಿರು ಎನಾಮಲ್. ನೋಡಲು ಬಹಳ ಚೆನ್ನಾಗಿ ಬಂದಿತ್ತು.

ಮಳೆಗಾಲ ಮುಗಿದು ದೀಪಾವಳಿ ಹೊತ್ತಿಗೆ ಭಟ್ರ ಫೋನ್ ಬಂತು. ಹೋಗಿ ನೋಡಿದರೆ ಕೆಳಗಿನ ಪೈಪಿನ ಬಣ್ಣ ಎದ್ದು ನೇತಾಡುತ್ತಿತ್ತು. "ಇದೆಂತ ಮಾರಾಯ, ಹಾವು ಪೊರೆ ಬಿಟ್ಟ ಹಾಗೆ ಉಂಟಲ್ಲ?" ಎಂದರು. ಉಗುರಿನಲ್ಲಿ ಹಿಡಿದು ಎಳೆದೆ. ಗೇಣುದ್ದ ಕಿತ್ತು ಬಂತು. ಅಡಿಯಲ್ಲಿ ತುಕ್ಕು ಒಂದು ಚುಕ್ಕೆಯೂ ಇಲ್ಲ. ಪೈಪು ಹೊಸದರಂತೆಯೇ ಹೊಳೆಯುತ್ತಿತ್ತು. ತುಕ್ಕು ಹಿಡಿದಿದ್ದರೆ ಮಳೆಯ ಮೇಲೆ ಹೇಳಬಹುದಿತ್ತು. ಇದು ನನ್ನ ಕೆಲಸದ ತಪ್ಪು ಎಂದು ಅಲ್ಲೇ ಗೊತ್ತಾಯಿತು. "ನನ್ನ ಖರ್ಚಿನಲ್ಲೇ ಮತ್ತೆ ಮಾಡಿ ಕೊಡುತ್ತೇನೆ ಭಟ್ರೇ" ಎಂದು ಬಂದೆ.

ಆಮೇಲೆ ಹಿರಿಯ ಪೈಂಟರುಗಳ ಹತ್ತಿರ, ಅಂಗಡಿಯವರ ಹತ್ತಿರ ಕೇಳಿ ಕಾರಣ ತಿಳಿದುಕೊಂಡೆ. ಜಿಐ ಅಂದರೆ ಕಬ್ಬಿಣದ ಮೇಲೆ ಸತುವಿನ ಲೇಪ. ರೆಡ್ ಆಕ್ಸೈಡ್ ಆಗಲಿ, ಮಾಮೂಲಿ ಎನಾಮಲ್ ಆಗಲಿ, ಎರಡರಲ್ಲೂ ಎಣ್ಣೆಯ ಅಂಶ ಇರುತ್ತದೆ. ತೇವ ಸಿಕ್ಕಿದಾಗ ಆ ಎಣ್ಣೆ ಸತುವಿನ ಜೊತೆ ಸೇರಿ ಒಂದು ಥರದ ಸೋಪು ಆಗುತ್ತದೆ. ಬಣ್ಣಕ್ಕೂ ಪೈಪಿಗೂ ನಡುವೆ ಸೋಪಿನ ಪದರ ಬಂದರೆ ಬಣ್ಣ ನಿಲ್ಲುವುದು ಹೇಗೆ? ನಮ್ಮಲ್ಲಿ ಜೂನ್‌ನಲ್ಲಿ ಹಿಡಿದ ಮಳೆ ಬಿಡುವಷ್ಟರಲ್ಲಿ ತಿಂಗಳುಗಳೇ ಆಗುತ್ತವೆ. ತೇವಕ್ಕೆ ಬರ ಇಲ್ಲ. ಅದಲ್ಲದೆ ಹೊಸ ಜಿಐ ಮೇಲೆ ಬಿಳಿ ಕಲೆ ಬೀಳದಿರಲಿ ಎಂದು ಕಾರ್ಖಾನೆಯಲ್ಲೇ ಎಣ್ಣೆಯನ್ನೋ ಬೇರೆ ಲೇಪವನ್ನೋ ಕೊಟ್ಟಿರುತ್ತಾರೆ. ನಾನು ಒಣ ಬಟ್ಟೆಯಲ್ಲಿ ಒರೆಸಿದ್ದರಿಂದ ಅದು ಹೋಗಿರಲೇ ಇಲ್ಲ.

ಎರಡನೇ ಸಲ ಬಣ್ಣವನ್ನೆಲ್ಲ ಕೆರೆದು ತೆಗೆದೆ. ಸೋಪಿನ ಪುಡಿ ಹಾಕಿದ ಬಿಸಿ ನೀರಿನಲ್ಲಿ ತೊಳೆದೆ. ಬಿಳಿ ಹುಡಿ ಕಟ್ಟಿದ ಜಾಗವನ್ನು ನೈಲಾನ್ ಬ್ರಶ್‌ನಲ್ಲಿ ತಿಕ್ಕಿದೆ. ಆಮೇಲೆ ಪಾತ್ರೆ ತಿಕ್ಕುವ ಹಸಿರು ಪ್ಯಾಡಿನಲ್ಲಿ ಹಗುರವಾಗಿ ಉಜ್ಜಿದೆ. ಇಲ್ಲಿ ಬಲ ಹಾಕಬಾರದು, ಸತು ಹೋದರೆ ಕಬ್ಬಿಣ ಬಯಲಾಗುತ್ತದೆ. ಹೊಳಪು ಮಂಕಾದರೆ ಸಾಕು. ನಂತರ, ಸತುವಿಗೆ ಕಚ್ಚಿಕೊಂಡು ಮೇಲಿನ ಬಣ್ಣಕ್ಕೆ ಹಿಡಿತ ಕೊಡುವ ವಾಶ್ ಪ್ರೈಮರ್. ಅದು ಎರಡು ಡಬ್ಬದಲ್ಲಿ ಬರುತ್ತದೆ, ಒಂದರಲ್ಲಿ ಆಸಿಡ್ ಇರುತ್ತದೆ. ಬೆರೆಸಿದ್ದನ್ನು ಅದೇ ದಿನ ಮುಗಿಸಬೇಕು. ಆಗ ನಮ್ಮ ಕಡೆ ಸಿಗಲಿಲ್ಲ, ಮಂಗಳೂರಿನಿಂದ ತರಿಸಿದೆ. ತೀರಾ ತೆಳುವಾಗಿ ಹಚ್ಚಬೇಕು, ಅಡಿಯ ಲೋಹ ಸ್ವಲ್ಪ ಕಾಣುತ್ತಲೇ ಇರಬೇಕು. ದಪ್ಪ ಹಚ್ಚಿದರೆ ಗಟ್ಟಿ ಅಂದುಕೊಳ್ಳುವವರು ಜಾಸ್ತಿ. ಇಲ್ಲಿ ಆ ಲೆಕ್ಕ ತಲೆಕೆಳಗು. ಅದರ ಮೇಲೆ, ಡಬ್ಬದಲ್ಲಿ ಯಾವ ಪ್ರೈಮರ್ ಆಗುತ್ತದೆ ಎಂದು ಬರೆದಿದ್ದರೋ ಅದನ್ನೇ ಕೊಟ್ಟೆ. ಕೊನೆಗೆ ಬಣ್ಣ.

ಅಲ್ಲಿಂದ ಮುಂದೆ ಯಾವ ನುಣುಪು ವಸ್ತು ಕಂಡರೂ ನಾನು ಮೊದಲು ಕೇಳುವುದು ಒಂದೇ: ಇದು ಬಣ್ಣವನ್ನು ಯಾಕೆ ಬೇಡ ಅನ್ನುತ್ತದೆ? ಗೋಡೆಯ ಸಿಮೆಂಟು ಬಣ್ಣವನ್ನು ಸ್ವಲ್ಪ ಕುಡಿಯುತ್ತದೆ. ಟೈಲ್ಸ್, ಲೋಹ, ಸನ್‌ಮೈಕ ಯಾವುದೂ ಕುಡಿಯುವುದಿಲ್ಲ. ಹಿಡಿತವನ್ನು ನಾವೇ ಮಾಡಿಕೊಡಬೇಕು.

ತೊಳೆದದ್ದು ಸಾಕೋ ಎಂದು ನೋಡಲು ನೀರೇ ಸಾಕು. ಮೇಲೆ ನೀರು ಎರಚಿ. ಕೆಸುವಿನ ಎಲೆಯ ಮೇಲಿನ ಹಾಗೆ ಹನಿ ಹನಿಯಾಗಿ ಉರುಳಿದರೆ ಜಿಡ್ಡು ಉಂಟು. ಒಂದೇ ಪದರವಾಗಿ ಹರಡಿ ನಿಂತರೆ ಚೊಕ್ಕ ಆಗಿದೆ. ಆದರೆ ಸೋಪು ಉಳಿದಿದ್ದರೂ ನೀರು ಹರಡುತ್ತದೆ, ನಮ್ಮನ್ನು ಮೋಸ ಮಾಡುತ್ತದೆ. ಅದಕ್ಕೆ ನಾನು ಎರಡು ಮೂರು ಸಲ ಬರೀ ನೀರಿನಲ್ಲಿ ತೊಳೆದ ಮೇಲೆಯೇ ಈ ಪರೀಕ್ಷೆ ಮಾಡುತ್ತೇನೆ.

ಇನ್ನೊಂದು ವಿಷಯದಲ್ಲಿ ನಾನು ತುಂಬಾ ಕಟ್ಟುನಿಟ್ಟು. ಮೊದಲು ತೊಳೆಯುವುದು, ಆಮೇಲೆ ಉಜ್ಜುವುದು. ಅಡುಗೆಮನೆಯ ಹಳೆಯ ಬಾಗಿಲಿನಲ್ಲಿ ತೆಂಗಿನೆಣ್ಣೆಯ ಕೈ ಗುರುತು, ಒಲೆಯ ಹೊಗೆ ಎಲ್ಲ ಕೂತಿರುತ್ತದೆ. ತೊಳೆಯದೆ ಉಜ್ಜಿದರೆ ಆ ಜಿಡ್ಡು ಗೀರುಗಳ ಒಳಗೇ ಹೋಗಿ ಕೂರುತ್ತದೆ. ತೊಳೆದು ಒಣಗಿಸಿ 180 ನಂಬರಿನ ಉಪ್ಪು ಕಾಗದ, ಆಮೇಲೆ ಅದಕ್ಕಿಂತ ನಯವಾದ 220. ಓರೆಯಾಗಿ ಟಾರ್ಚ್ ಹಿಡಿದರೆ ಹೊಳೆಯುವ ಜಾಗ ಎಲ್ಲಿ ಉಳಿದಿದೆ ಎಂದು ಕಾಣುತ್ತದೆ. ಮೂಲೆಗಳಲ್ಲೇ ಹೆಚ್ಚಾಗಿ ಉಳಿಯುವುದು.

ಆದರೆ ಬಾಗಿಲಿನ ಬಣ್ಣ ತುಂಬಾ ಹಿಂದಿನದಾದರೆ ಒಣಗಿದ್ದಾಗ ಉಜ್ಜಬೇಡಿ. ಹಿಂದಿನ ಎನಾಮಲ್‌ಗಳಲ್ಲಿ ಸೀಸ ಇರಬಹುದು. ಮನೆ ಬಣ್ಣಗಳಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರಬಾರದು ಎಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಳೆಯ ಬಣ್ಣ ಆದರೆ ನಾನು ನೀರು ಹಾಕಿ ವಾಟರ್ ಪೇಪರ್‌ನಲ್ಲೇ ಉಜ್ಜುತ್ತೇನೆ, ಮಾಸ್ಕ್ ಕಟ್ಟಿಕೊಳ್ಳುತ್ತೇನೆ. ಚಿಕ್ಕ ಮಕ್ಕಳಿದ್ದರೆ ಆ ಎರಡು ದಿನ ಅಜ್ಜನ ಮನೆಗೆ ಕಳಿಸಿ ಎಂದು ಹೇಳುತ್ತೇನೆ.

ಬಚ್ಚಲಿನ ಗೋಡೆಯ ಟೈಲ್ಸಿಗೆ ಬಣ್ಣ ಕೊಡಿ ಎಂದು ಈಗ ಬಹಳ ಮಂದಿ ಕೇಳುತ್ತಾರೆ. ಕುಂಬಳೆಯ ಒಂದು ಮನೆಯಲ್ಲಿ ಮಾಡಿದೆ. ಸೋಪಿನ ಬಿಳಿ ಕರೆಯನ್ನು ವಿನೆಗರ್ ಹಾಕಿ ತೆಗೆದೆ. ಮೂಲೆಯ ಸಿಲಿಕಾನ್ ಅಂಟನ್ನು ಬ್ಲೇಡಿನಲ್ಲಿ ಪೂರ್ತಿ ಕೊಯ್ದು ತೆಗೆದೆ, ಏಕೆಂದರೆ ಅದರ ಮೇಲೆ ಯಾವ ಬಣ್ಣವೂ ನಿಲ್ಲುವುದಿಲ್ಲ. ಟೈಲ್ಸಿನ ಹೊಳಪು ಹೋಗುವವರೆಗೆ ಉಜ್ಜಿ, ಎರಡು ಡಬ್ಬದ್ದನ್ನು ಬೆರೆಸಿದ ಮೇಲೆ ಗಟ್ಟಿಯಾಗುವ ಎಪಾಕ್ಸಿ ಪ್ರೈಮರ್, ಅದರ ಮೇಲೆ ಎಪಾಕ್ಸಿ ಬಣ್ಣ ಕೊಟ್ಟೆ. ಒಂದು ವಾರ ನೀರು ತಾಗಿಸಬೇಡಿ ಎಂದೆ. ಮನೆಯವರು ಪಾಪ, ಪಕ್ಕದ ಮನೆಯಲ್ಲಿ ಸ್ನಾನ ಮಾಡಿದರು. ನೆಲದ ಟೈಲ್ಸಿಗೆ ಮಾತ್ರ ನಾನು ಒಪ್ಪುವುದಿಲ್ಲ. ದಿನಾ ನೀರು ನಿಂತು, ಕಾಲು ಉಜ್ಜಿದರೆ ಬಣ್ಣ ಬಾಳುವುದಿಲ್ಲ. ಪ್ಲಾಸ್ಟಿಕ್ ನೀರಿನ ಟ್ಯಾಂಕಿಗೂ ಅಷ್ಟೇ. ಆ ಪಾಲಿಥೀನಿಗೆ ಎಷ್ಟು ಉಜ್ಜಿದರೂ ಹಿಡಿತ ಬರುವುದು ಕಷ್ಟ.

ಹವೆಯನ್ನೂ ನೋಡಬೇಕು. ಧನು ತಿಂಗಳ ಬೆಳಿಗ್ಗೆ ಗೇಟು ಮುಟ್ಟಿದರೆ ಕೈ ಒದ್ದೆಯಾಗುತ್ತದೆ. ಕಣ್ಣಿಗೆ ಕಾಣದಷ್ಟು ಇಬ್ಬನಿ ಇದ್ದರೂ ಬಣ್ಣ ಏಳುತ್ತದೆ. ಹತ್ತು ಗಂಟೆಯ ಮೊದಲು ಬ್ರಶ್ ಎತ್ತುವುದಿಲ್ಲ. ಸಂಜೆ ನಾಲ್ಕಕ್ಕೆ ನಿಲ್ಲಿಸುತ್ತೇನೆ.

ದೊಡ್ಡ ಕೆಲಸ ಆದರೆ ಒಂದು ವಾರ ಮೊದಲೇ ಕಾಣದ ಮೂಲೆಯಲ್ಲಿ ಅಂಗೈಯಗಲ ಬಣ್ಣ ಹಚ್ಚಿ ನೋಡುತ್ತೇನೆ. ಪೂರ್ತಿ ಒಣಗಿದ ಮೇಲೆ ಬ್ಲೇಡಿನಲ್ಲಿ ಅಡ್ಡ ಉದ್ದ ಗೀರು ಹಾಕಿ ಸಣ್ಣ ಚೌಕ ಮಾಡುತ್ತೇನೆ. ಮೇಲೆ ಟೇಪು ಒತ್ತಿ ಅಂಟಿಸಿ, ಒಂದೇ ಸಲ ಕೀಳುತ್ತೇನೆ. ಟೇಪಿನಲ್ಲಿ ಚೌಕಗಳು ಎದ್ದು ಬಂದರೆ ತಯಾರಿ ಸಾಲದು, ಮತ್ತೆ ಮೊದಲಿನಿಂದ. ಬಣ್ಣದ ಕಂಪನಿಗಳ ಲ್ಯಾಬಿನಲ್ಲೂ ಇದೇ ಥರ ನೋಡುತ್ತಾರೆ, ಗೀರಿನ ಅಳತೆ ಮಾತ್ರ ಅವರದ್ದು ಪಕ್ಕಾ.

ಕಳೆದ ಬೇಸಿಗೆಯಲ್ಲಿ ಅಡಿಕೆ ಹೇರಲು ಬಂದ ಪಿಕಪ್ ಭಟ್ರ ಗೇಟಿಗೆ ತಾಗಿತ್ತು. ಅದನ್ನು ನೋಡಲು ಕರೆದರು. ಪೈಪು ನಗ್ಗಿದ ಕಡೆ ರೂಪಾಯಿಯಗಲ ಬಣ್ಣ ಹಾರಿತ್ತು. ನಾನು ಬಗ್ಗಿ ಆ ಅಂಚಿಗೆ ಉಗುರು ಹಾಕಿ ಎತ್ತಿ ನೋಡಿದೆ. ಏಳಲಿಲ್ಲ. ಸುತ್ತ ಇನ್ನೂ ಮೂರು ಕಡೆ ನೋಡಿದೆ. ಎಲ್ಲಿಯೂ ಏಳಲಿಲ್ಲ.