ಮರುವಾಯಿ ಚಿಪ್ಪು, ಹಳೆ ಹೆಂಚು ಮತ್ತು ಬಣ್ಣದ ಸಿಕ್ಲಿಡ್: ಕಡಿಮೆ ಖರ್ಚಿನ ಆಫ್ರಿಕನ್ ಟ್ಯಾಂಕ್

ಸಿಹಿನೀರಲ್ಲಿದ್ದೂ ಸಮುದ್ರದ ಮೀನಿನಷ್ಟೇ ಬಣ್ಣ ತೋರಿಸುವ ಮೀನು ಬೇಕಿದ್ದರೆ ಆಫ್ರಿಕಾದ ಮಲಾವಿ ಸರೋವರದ ಎಂಬೂನ ಸಿಕ್ಲಿಡ್‌ಗಳು ಸರಿ. ಕಲ್ಲಿನ ಸಂದಿಗಳಲ್ಲಿ ಬದುಕುವ, ಬೆರಳುದ್ದದ, ಸ್ವಲ್ಪ ಜಗಳಗಂಟ ಮೀನುಗಳು ಇವು. ತೊಡಕು ನೀರಿನದ್ದು. ಮಲಾವಿಯ ನೀರು ಗಡಸು, ಪಿಎಚ್ (ನೀರಿನ ಹುಳಿಯ ಅಳತೆ, 7ಕ್ಕಿಂತ ಇಳಿದಷ್ಟೂ ಹುಳಿ ಜಾಸ್ತಿ) 7.7ರಿಂದ 8.6. ನಮ್ಮ ಕರಾವಳಿಯ ಮುರಕಲ್ಲಿನ ನೆಲದ ಬಾವಿ ನೀರು ಮೆದು. ಪಿಎಚ್ 6ರ ಆಸುಪಾಸು ಇರುವ ಬಾವಿಗಳು ಬೇಕಾದಷ್ಟು ಉಂಟು. ತುಂಬೆಯಿಂದ ಮಂಗಳೂರಿಗೆ ಬರುವ ನೇತ್ರಾವತಿಯ ನೀರೂ ಬಜೆಯಿಂದ ಉಡುಪಿಗೆ ಬರುವ ಸ್ವರ್ಣೆಯ ನೀರೂ ಗಡಸಿನವಲ್ಲ. ಹಾಗಾಗಿ ಇಲ್ಲಿ ದುಡ್ಡನ್ನೂ ಬುದ್ಧಿಯನ್ನೂ ಮೊದಲು ನೀರಿಗೆ ಹಾಕಬೇಕು, ಆಮೇಲೆ ಮೀನಿಗೆ. ಅದೃಷ್ಟಕ್ಕೆ ನೀರು ಗಡಸು ಮಾಡುವ ವಸ್ತು ನಮ್ಮ ಅಡುಗೆಮನೆಯ ಹಿಂದೆಯೇ ರಾಶಿ ಬಿದ್ದಿರುತ್ತದೆ.

ಟ್ಯಾಂಕ್

ಎರಡಡಿಯ ಟ್ಯಾಂಕಲ್ಲಿ ಎಂಬೂನ ಸಾಕಲು ಹೋಗಬೇಡಿ. ಬಲವಾದ ಒಂದು ಗಂಡು ಇಡೀ ಟ್ಯಾಂಕನ್ನೇ ತನ್ನ ಜಾಗ ಮಾಡಿಕೊಂಡು ಉಳಿದವನ್ನು ಮೂಲೆಗೆ ಅಟ್ಟುತ್ತದೆ. ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ ಬೇಕು. ಲೆಕ್ಕಕ್ಕೆ ಇದು 255 ಲೀಟರ್. ಕಲ್ಲು, ಹೊಯಿಗೆ ಹಾಕಿ ಮೇಲೆ ಎರಡಿಂಚು ಬಿಟ್ಟರೆ ನಿಜವಾಗಿ ಹಿಡಿಯುವುದು ಸುಮಾರು 200 ಲೀಟರ್. ಗಾಜು 10 ಮಿ.ಮೀ. ಇದ್ದರೆ ನಿಶ್ಚಿಂತೆ, 8 ಮಿ.ಮೀ. ಆದರೆ ಮೇಲಂಚಿಗೆ ಗಾಜಿನ ಪಟ್ಟಿ ಅಂಟಿಸಿರಲೇಬೇಕು.

ಖರ್ಚು ಉಳಿಸಲು ಹಳೆ ಟ್ಯಾಂಕ್ ಕೊಳ್ಳುವುದು ಒಳ್ಳೆಯದೇ. ಮನೆಗೆ ತಂದ ಮೇಲೆ ಅಂಗಳದಲ್ಲಿ, ಸಮತಟ್ಟಾದ ಜಾಗದಲ್ಲಿ, ಕೆಳಗೆ ಥರ್ಮಾಕೋಲ್ ಹಾಸಿ, ತುಂಬಾ ನೀರು ತುಂಬಿಸಿ ಎರಡು ದಿನ ಬಿಡಿ. ಮೂಲೆಯ ಸಿಲಿಕಾನ್ ಉಗುರಿಗೆ ಎದ್ದು ಬಂದರೆ ಆ ಟ್ಯಾಂಕನ್ನು ಪೂರ್ತಿ ಬಿಚ್ಚಿ ಹೊಸದಾಗಿ ಅಂಟಿಸಬೇಕು. ಹಳೆ ಸಿಲಿಕಾನ್ ಮೇಲೆ ಹೊಸದು ಹಿಡಿಯುವುದಿಲ್ಲ. ತುಂಬಿದ ಟ್ಯಾಂಕ್ ಕಲ್ಲು ಸೇರಿ 300 ಕಿಲೋ ದಾಟುತ್ತದೆ. ಟಿವಿ ಸ್ಟ್ಯಾಂಡ್ ಅದನ್ನು ಹೊರುವುದಿಲ್ಲ. ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ, ಇಲ್ಲವೇ ಸಿಮೆಂಟ್ ಬ್ಲಾಕ್ ಮೇಲೆ ಕಡಪ ಕಲ್ಲಿನ ಚಪ್ಪಡಿ ಇಡಿ. ಪಡುವಣ ಬಿಸಿಲು ಬೀಳುವ ಗೋಡೆಗೆ ತಾಗಿಸಬೇಡಿ.

ನೀರು ಮತ್ತು ಚಿಪ್ಪು

ಬಾವಿ ನೀರನ್ನು ಸೇದಿದ ಕೂಡಲೇ ಅಳೆದರೆ ಪಿಎಚ್ ತಪ್ಪು ತೋರಿಸುತ್ತದೆ. ನೆಲದಡಿಯ ನೀರಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ಜಾಸ್ತಿ. ಬಕೆಟಿನಲ್ಲಿ ಏರ್‌ಸ್ಟೋನ್ ಹಾಕಿ ಒಂದು ದಿನ ಗುಳ್ಳೆ ಬಿಟ್ಟ ಮೇಲೆ ಅಳೆಯಿರಿ. ಪಿಎಚ್‌ಗಿಂತ ಮುಖ್ಯ ಕೆಎಚ್, ಅಂದರೆ ಆಮ್ಲವನ್ನು ತಡೆದು ನಿಲ್ಲಿಸುವ ಶಕ್ತಿ. ಫಿಲ್ಟರಿನ ಬ್ಯಾಕ್ಟೀರಿಯಾ ಮೀನಿನ ಗಲೀಜನ್ನು ಅರಗಿಸುವಾಗ ಕೆಎಚ್ ಸವೆಯುತ್ತದೆ. ಮೆದು ನೀರಲ್ಲಿ ಅದು ಸೊನ್ನೆ ಮುಟ್ಟಿದ ದಿನ ಪಿಎಚ್ ಒಮ್ಮೆಗೇ ಕುಸಿಯುತ್ತದೆ. "ಮೂರು ತಿಂಗಳು ಚೆನ್ನಾಗಿತ್ತು ಮಾರಾಯ್ರೆ, ಒಂದೇ ರಾತ್ರಿಗೆ ಎಲ್ಲ ಹೋಯಿತು" ಎಂಬ ದೂರಿನ ಹಿಂದೆ ಬಹಳ ಸಲ ಇದೇ ಇರುತ್ತದೆ.

ಮರುವಾಯಿ (ಕಪ್ಪೆಚಿಪ್ಪು) ಸುಕ್ಕ ಮಾಡಿದ ದಿನ ಚಿಪ್ಪು ಎಸೆಯಬೇಡಿ. ಚಿಪ್ಪೆಂದರೆ ಹೆಚ್ಚುಕಡಿಮೆ ಶುದ್ಧ ಕ್ಯಾಲ್ಸಿಯಂ ಕಾರ್ಬೊನೇಟ್. ಹಿಂದೆ ಸುಣ್ಣ ಸುಡುತ್ತಿದ್ದದ್ದೂ ಇದರಿಂದಲೇ. ಮಸಾಲೆಗೆ ಬಿದ್ದ ಚಿಪ್ಪು ಬೇಡ, ಮಾಂಸ ಬಿಡಿಸಿದಾಗ ಉಳಿದ ಖಾಲಿ ಅರ್ಧವನ್ನು ಎತ್ತಿಡಿ. ಇಪ್ಪತ್ತು ನಿಮಿಷ ಕುದಿಸಿ, ಒಳಗೆ ಕೀಲಿನ ಹತ್ತಿರ ಅಂಟಿಕೊಂಡಿರುವ ಸ್ನಾಯುವಿನ ಚೂರನ್ನು ಹಳೆ ಟೂತ್‌ಬ್ರಷ್‌ನಿಂದ ಉಜ್ಜಿ ತೆಗೆದು, ಮೂರು ನಾಲ್ಕು ದಿನ ಬಿಸಿಲಿಗೆ ಒಣಗಿಸಿ. ಆ ಚೂರು ಉಳಿದರೆ ನೀರು ಹಾಲಿನಂತಾಗಿ ನಾರುತ್ತದೆ. ಒಣಗಿದ್ದನ್ನು ಗೋಣಿಯಲ್ಲಿ ಸುತ್ತಿ ಕುಟ್ಟಿ ಹೆಬ್ಬೆರಳ ಉಗುರಿನಷ್ಟು ದೊಡ್ಡ ಚೂರು ಮಾಡಿ, ತೊಳೆದು, ಈರುಳ್ಳಿ ಬರುವ ಬಲೆಚೀಲಕ್ಕೆ ತುಂಬಿ. 200 ಲೀಟರಿಗೆ ಅರ್ಧ ಕಿಲೋದಿಂದ ಶುರು ಮಾಡಿ. ಈ ಚೀಲದ ಜಾಗ ಫಿಲ್ಟರ್. ಚೂರುಗಳನ್ನು ಹೊಯಿಗೆಗೆ ಬೆರೆಸಿದರೆ, ಹೊಯಿಗೆ ಬಾಯಿಗೆ ತುಂಬಿ ಉಗುಳುವ ಮೀನಿಗೆ ಅಂಚು ತಾಗುತ್ತದೆ. ಮೀನು ತರದ ಮನೆಯವರಿಗೆ ಕೋಳಿ ಆಹಾರದ ಅಂಗಡಿಯಲ್ಲಿ ಸಿಗುವ ಚಿಪ್ಪಿನ ನುಚ್ಚು ಆಗುತ್ತದೆ. ಕಡಲತೀರದಲ್ಲಿ ಸಿಗುವ ಹವಳದ ತುಂಡು ಮಾತ್ರ ಬೇಡ: ಹವಳ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಪರಿಚ್ಛೇದದಲ್ಲಿದೆ.

ಚಿಪ್ಪು ನಿಧಾನ. ನೀರು ಹುಳಿಯಿದ್ದಷ್ಟು ಬೇಗ ಕರಗುತ್ತದೆ, ಪಿಎಚ್ ಏರಿದಂತೆ ಕರಗುವುದು ಬಹುತೇಕ ನಿಲ್ಲುತ್ತದೆ. ಆದ್ದರಿಂದ ಅದು ನೀರು ಕುಸಿಯದಂತೆ ಹಿಡಿಯುತ್ತದೆ, ಮೇಲೆತ್ತುವ ಕೆಲಸ ಅಡುಗೆ ಸೋಡಾದ್ದು. 50 ಲೀಟರಿಗೆ ಒಂದು ಟೀ ಚಮಚ, ಅಂದರೆ ಸುಮಾರು 6 ಗ್ರಾಂ ಸೋಡಾ ಹಾಕಿದರೆ ಕೆಎಚ್ ಸುಮಾರು 4 ಡಿಗ್ರಿ ಏರುತ್ತದೆ. ಅಷ್ಟೇ ನೀರಿಗೆ ಎರಡು ಚಮಚ, 10 ಗ್ರಾಂ, ಎಪ್ಸಮ್ ಉಪ್ಪು ಹಾಕಿದರೆ ಜಿಎಚ್, ಅಂದರೆ ನೀರಿನ ಗಡಸುತನ, ನಾಲ್ಕು ಚಿಲ್ಲರೆ ಡಿಗ್ರಿ ಏರುತ್ತದೆ. ಬೇಕಿಂಗ್ ಪೌಡರ್ ಬೇರೆ, ಬಟ್ಟೆಯ ಸೋಡಾ ಬೇರೆ, ಎರಡೂ ಬೇಡ. ಮೀನಿಲ್ಲದ ಹೊಸ ಟ್ಯಾಂಕಿಗೆ ಇದನ್ನೆಲ್ಲ ಒಮ್ಮೆಗೇ ಹಾಕಬಹುದು. ಮೀನು ಬಂದ ಮೇಲೆ ನೇರ ಟ್ಯಾಂಕಿಗೆ ಸುರಿಯದೆ, ಬದಲಿಸುವ ನೀರಿನ ಡ್ರಮ್ಮಿನಲ್ಲೇ ಕರಗಿಸಿ. ನಳ್ಳಿ ನೀರಾದರೆ ಕ್ಲೋರಿನ್ ತೆಗೆಯಲು 100 ಲೀಟರಿಗೆ 1 ಗ್ರಾಂ ಹೈಪೋ (ಸೋಡಿಯಂ ಥಯೋಸಲ್ಫೇಟ್) ಹರಳು ಸಾಕು.

ಕಲ್ಲು, ಹೊಯಿಗೆ, ಹೆಂಚು

ಕಲ್ಲು ಮೊದಲು, ಹೊಯಿಗೆ ಆಮೇಲೆ. ಎಂಬೂನ ಗುಂಡಿ ತೋಡುವ ಮೀನು. ಹೊಯಿಗೆಯ ಮೇಲಿಟ್ಟ ಕಲ್ಲಿನ ಬುಡ ಖಾಲಿಯಾಗಿ ಕಲ್ಲು ಉರುಳಿ ಗಾಜು ಒಡೆದೀತು. ತಳದಲ್ಲಿ ತೆಳು ಥರ್ಮಾಕೋಲ್ ತುಂಡು ಇಟ್ಟು ಅದರ ಮೇಲೆ ಕರಿಕಲ್ಲು ಕೂರಿಸಿ, ಕೈಯಲ್ಲಿ ಅಲುಗಿಸಿ ನೋಡಿ. ಮುರಕಲ್ಲು ಉದುರಿ ಕೆಂಪು ಕೆಸರು ಬಿಡುತ್ತದೆ, ಅದು ಬೇಡ. ಹೊಳೆಯ ಹೊಯಿಗೆ 25 ಕಿಲೋ, ಒಂದಿಂಚು ದಪ್ಪಕ್ಕೆ ಸಾಕು. ತೊಳೆದ ನೀರು ತಿಳಿಯಾಗುವವರೆಗೆ ತೊಳೆಯಿರಿ. ಎಂ ಸ್ಯಾಂಡಿನ ಅಂಚು ಚೂಪು.

ಗುಹೆಗಳಿಗೆ ಒಡೆದ ಮಂಗಳೂರು ಹೆಂಚಿಗಿಂತ ಅಗ್ಗದ್ದು ಬೇರೆ ಇಲ್ಲ. ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಶುರು ಮಾಡಿದ ಹೆಂಚು ಈಗ ಹಳೆ ಮನೆ ಕೆಡವುವಲ್ಲೆಲ್ಲ ರಾಶಿ ಬಿದ್ದಿರುತ್ತದೆ. ಬಣ್ಣ ಬಳಿಯದ ಹೆಂಚು ಆರಿಸಿ, ಪಾಚಿ ಉಜ್ಜಿ, ಕುದಿನೀರು ಹೊಯ್ದು, ಅಂಚನ್ನು ಕಲ್ಲಿಗೆ ತಿಕ್ಕಿ ಮೊಂಡು ಮಾಡಿ. ಗುಹೆಗೆ ಎರಡು ಬಾಯಿ ಇರಲಿ. ಒಂದೇ ಬಾಯಿಯಿದ್ದರೆ ಒಳಗೆ ಸಿಕ್ಕಿಬಿದ್ದ ಮೀನಿಗೆ ಹೊಡೆತ ತಪ್ಪುವುದಿಲ್ಲ.

ಫಿಲ್ಟರ್

ಗಂಟೆಗೆ 1500ರಿಂದ 2000 ಲೀಟರ್ ಎತ್ತುವ, ನೀರಲ್ಲಿ ಮುಳುಗಿ ಓಡುವ ಪಂಪು ಅಂದರೆ ಪವರ್‌ಹೆಡ್ ಒಂದು, ಟ್ಯಾಂಕಿನ ಮೇಲೆ ಕೂರಿಸುವ 15 ಲೀಟರಿನ ಪ್ಲಾಸ್ಟಿಕ್ ಡಬ್ಬಿ ಒಂದು. ನೀರು ಮೊದಲು ಸ್ಪಂಜಿನ ಮೇಲೆ ಬೀಳಲಿ, ಆಮೇಲೆ ಗೋಲಿ ಗಾತ್ರದ ಹೆಂಚಿನ ಚೂರು, ಕೊನೆಗೆ ಚಿಪ್ಪಿನ ಚೀಲ. ಒಳಬರುವ ಪೈಪ್ ಅರ್ಧ ಇಂಚಾದರೆ ಹೊರಹೋಗುವುದು ಒಂದಿಂಚು ಇರಲಿ. ಅದಕ್ಕಿಂತ ಎರಡಿಂಚು ಮೇಲೆ ಇನ್ನೊಂದು ಹೊರದಾರಿ ಕೊರೆಯಿರಿ. ಸ್ಪಂಜು ಕಟ್ಟಿದ ದಿನ ನೀರು ನೆಲಕ್ಕೆ ಹರಿಯದೆ ಈ ಎರಡನೇ ತೂತಿನಿಂದ ಟ್ಯಾಂಕಿಗೇ ಮರಳುತ್ತದೆ. ಒಳಪೈಪಿನ ತುದಿ ಡಬ್ಬಿಯ ನೀರಿಗಿಂತ ಮೇಲಿರಲಿ, ಇಲ್ಲದಿದ್ದರೆ ಕರೆಂಟ್ ಹೋದಾಗ ಡಬ್ಬಿಯ ನೀರು ಹಿಂದಕ್ಕೆ ಎಳೆಯಲ್ಪಡುತ್ತದೆ. 25 ವ್ಯಾಟಿನ ಪಂಪು ದಿನವಿಡೀ ಓಡಿದರೆ ತಿಂಗಳಿಗೆ 18 ಯೂನಿಟ್. ಇದರ ಜತೆಗೆ ಬ್ಯಾಟರಿಯಲ್ಲೂ ಓಡುವ ಏರ್‌ಪಂಪು ಮತ್ತು ಒಂದು ಸ್ಪಂಜ್ ಫಿಲ್ಟರ್ ಇರಲಿ. ಆಟಿ ತಿಂಗಳ (ಜುಲೈ-ಆಗಸ್ಟ್) ಗಾಳಿಮಳೆಗೆ ಕಂಬ ಬಿದ್ದ ದಿನ ಮೀನು ಉಳಿಸುವುದು ಅದೇ. ಹೀಟರ್ ನಮ್ಮಲ್ಲಿ ಬೇಡವೇ ಬೇಡ. ಲೈಟು ಯಾವುದಾದರೂ ನಡೆಯುತ್ತದೆ, ಎಂಟು ಗಂಟೆ ಸಾಕು.

ಮೀನು ತರುವ ಮೊದಲು ಬ್ಯಾಕ್ಟೀರಿಯಾ ಹುಟ್ಟಬೇಕು. ಒಂದು ಹಸಿ ಸಿಗಡಿಯನ್ನು ಬಟ್ಟೆಯಲ್ಲಿ ಕಟ್ಟಿ ಇಳಿಬಿಡಿ. ಅದು ಕೊಳೆತು ಬಿಡುವ ಅಮೋನಿಯವೇ ಬ್ಯಾಕ್ಟೀರಿಯಾದ ಊಟ. ಅಮೋನಿಯ 3 ಪಿಪಿಎಂ ಮುಟ್ಟಿದಾಗ ತೆಗೆದು, ಆಮೇಲೆ ದಿನಾ ಒಂದು ಚಿಟಿಕೆ ಮೀನಿನ ಆಹಾರ ಹಾಕುತ್ತಾ ಬನ್ನಿ. ಗೆಳೆಯರ ಟ್ಯಾಂಕಿನ ಕೊಳಕು ಸ್ಪಂಜು ಸಿಕ್ಕಿದರೆ ಹಿಂಡಿ ಹಾಕಿ. ಮೂರರಿಂದ ಆರು ವಾರ ಹಿಡಿಯುತ್ತದೆ. ಅಮೋನಿಯ, ನೈಟ್ರೈಟ್ ಎರಡೂ ವಾರವಿಡೀ ಸೊನ್ನೆ ತೋರಿಸಿದರೆ ಮಾತ್ರ ಅರ್ಧ ನೀರು ಬದಲಿಸಿ ಮೀನು ತನ್ನಿ. ಇಲ್ಲಿ ಅವಸರ ನಡೆಯುವುದಿಲ್ಲ. 28 ಡಿಗ್ರಿಯ ನೀರಲ್ಲಿ, ಪಿಎಚ್ 7 ಇದ್ದಾಗ ಒಟ್ಟು ಅಮೋನಿಯದಲ್ಲಿ ವಿಷದ ರೂಪದ್ದು ನೂರಕ್ಕೆ ಒಂದರಷ್ಟೂ ಇರುವುದಿಲ್ಲ, 8.2ರಲ್ಲಿ ನೂರಕ್ಕೆ ಹತ್ತು.

ಯಾವ ಮೀನು, ಎಷ್ಟು

"ಮಿಕ್ಸೆಡ್ ಆಫ್ರಿಕನ್" ಎಂದು ಅಗ್ಗಕ್ಕೆ ಕೊಡುವ ಮರಿಗಳನ್ನು ಮುಟ್ಟಬೇಡಿ. ಅದರಲ್ಲಿ ಔರಾಟಸ್, ಕೆನ್ಯಿ ಸೇರಿರುತ್ತವೆ. ಮರಿಯಲ್ಲಿ ಮುದ್ದು, ದೊಡ್ಡದಾದಾಗ ಉಳಿದವನ್ನು ಕೊಲ್ಲುತ್ತವೆ. ವೀನಸ್ಟಸ್ ಒಂದಡಿಯ ಹತ್ತಿರ ಬೆಳೆಯುತ್ತದೆ. ನಾಲ್ಕಡಿಗೆ ಒಪ್ಪುವ ಜೋಡಣೆ: ಎಲೆಕ್ಟ್ರಿಕ್ ಯೆಲ್ಲೊ 8, ತಿಳಿನೀಲಿ ಸೊಕೊಲೊಫಿ 6, ನೇರಳೆ ಛಾಯೆಯ ರಸ್ಟಿ 6. ಮೂರು ಬಣ್ಣ, ಮೂರೂ ಎಂಬೂನಗಳಲ್ಲಿ ಸೌಮ್ಯ. ಡೆಮಾಸೋನಿ ನೋಡಲು ಚೆಂದ, ಆದರೆ ಹನ್ನೆರಡಕ್ಕಿಂತ ಕಮ್ಮಿ ಇಟ್ಟರೆ ತಮ್ಮತಮ್ಮಲ್ಲೇ ಹೊಡೆದಾಡಿ ಒಂದೆರಡು ಉಳಿಯುತ್ತವೆ. ಒಂದೂವರೆ ಇಂಚಿನ ಮರಿಗಳನ್ನು ಒಂದೇ ದಿನ ಬಿಡಿ. ಮೊದಲು ಬಂದದ್ದು ಯಜಮಾನಿಕೆ ಮಾಡುವುದು ಇದರಿಂದ ತಪ್ಪುತ್ತದೆ. ಬೆಳೆದ ಮೇಲೆ ಪ್ರತಿ ಜಾತಿಗೆ ಒಂದು ಗಂಡಿಗೆ ಮೂರು ಹೆಣ್ಣು ಉಳಿಸಿ, ಹೆಚ್ಚಿನ ಗಂಡುಗಳನ್ನು ಅಂಗಡಿಗೆ ಮರಳಿಸಿ.

ಊರಿನ ಅಂಗಡಿಯಿಂದ ತಂದದ್ದಾದರೆ ಚೀಲವನ್ನು ಇಪ್ಪತ್ತು ನಿಮಿಷ ತೇಲಿಸಿ, ಒಂದು ಗಂಟೆ ಲೋಟ ಲೋಟವಾಗಿ ಟ್ಯಾಂಕಿನ ನೀರು ಬೆರೆಸಿ. ಚೆನ್ನೈಯ ಕೊಳತ್ತೂರಿನಿಂದ ರಾತ್ರಿಯಿಡೀ ಬಸ್ಸಲ್ಲಿ ಬಂದ ಚೀಲಕ್ಕೆ ಇದೇ ಉಪಚಾರ ಅಪಾಯ. ಆ ನೀರಲ್ಲಿ ಅಮೋನಿಯ ತುಂಬಿರುತ್ತದೆ, ಗಡಸು ನೀರು ಬಿದ್ದು ಪಿಎಚ್ ಏರಿದಂತೆ ವಿಷವಾಗುತ್ತದೆ. ಬಿಸಿ ಸಮ ಮಾಡಿ, ಮೀನನ್ನು ಬಲೆಯಲ್ಲಿ ಎತ್ತಿ ಟ್ಯಾಂಕಿಗೆ ಬಿಡಿ. ಎರಡೂ ಸಂದರ್ಭದಲ್ಲಿ ಚೀಲದ ನೀರು ಹೊರಗೆ ಚೆಲ್ಲಿ.

ಹೆಚ್ಚಿನ ಎಂಬೂನಗಳು ಕಲ್ಲಿನ ಪಾಚಿ ಕೆರೆದು ತಿನ್ನುವ ಮೀನು, ಕರುಳು ಉದ್ದ. ಸ್ಪಿರುಲಿನ ಇರುವ ಪೆಲೆಟ್ ದಿನಕ್ಕೆ ಎರಡು ಸಲ, ಒಂದು ನಿಮಿಷದಲ್ಲಿ ಮುಗಿಯುವಷ್ಟು. ವಾರಕ್ಕೊಮ್ಮೆ ಬೇಯಿಸಿದ ಹರಿವೆ ಸೊಪ್ಪು ಅಥವಾ ಸಿಪ್ಪೆ ತೆಗೆದ ಬಟಾಣಿ. ಟ್ಯೂಬಿಫೆಕ್ಸ್ ಹುಳ, ಮಾಂಸದ ಚೂರು ಹಾಕಿದರೆ ಹೊಟ್ಟೆ ಉಬ್ಬುವ ರೋಗ ಬರುತ್ತದೆ. ಮೊದಲ ಲಕ್ಷಣ ಮೀನು ಆಹಾರ ಬಾಯಿಗೆ ಹಾಕಿ ಉಗುಳುವುದು, ಮತ್ತೆ ಬಿಳಿ ದಾರದಂಥ ಹಿಕ್ಕೆ. ಆಗಲೇ ಮೂರು ದಿನ ಆಹಾರ ನಿಲ್ಲಿಸಿ ನೀರು ಬದಲಿಸಿ. ಹೊಟ್ಟೆ ಉಬ್ಬಿದ ಮೇಲೆ ಉಳಿಯುವುದು ಅಪರೂಪ.

ವಾರಕ್ಕೆ 60 ಲೀಟರ್ ನೀರು ಬದಲಿಸಿ. ಸ್ಪಂಜನ್ನು ನಳ್ಳಿಯಡಿ ತೊಳೆಯದೆ, ತೆಗೆದ ಟ್ಯಾಂಕ್ ನೀರಲ್ಲೇ ಹಿಂಡಿ. ಚಿಪ್ಪಿನ ಮೇಲೆ ಕಂದು ಲೋಳೆ ಕೂತರೆ ಅದು ಕರಗುವುದು ನಿಲ್ಲುತ್ತದೆ. ಎರಡು ತಿಂಗಳಿಗೊಮ್ಮೆ ತೊಳೆಯಿರಿ. ಏಪ್ರಿಲ್, ಮೇ ತಿಂಗಳಲ್ಲಿ ನೀರು 31 ದಾಟಿದರೆ ಆಹಾರ ಅರ್ಧ ಮಾಡಿ, ಗುಳ್ಳೆ ಜಾಸ್ತಿ ಮಾಡಿ. ನೀರಿನ ಮೇಲೆ ಫ್ಯಾನ್ ಬಿಡುವ ಉಪಾಯ ಒಣ ಊರಿನಲ್ಲಿ ಕೊಡುವಷ್ಟು ತಂಪನ್ನು ನಮ್ಮ ಸೆಕೆಯಲ್ಲಿ ಕೊಡುವುದಿಲ್ಲ.

ಆರೇಳು ತಿಂಗಳಿಗೆ ಒಂದು ಹೆಣ್ಣು ಕೆಳದವಡೆ ಉಬ್ಬಿಸಿಕೊಂಡು, ಏನೂ ತಿನ್ನದೆ ಮೂಲೆಯಲ್ಲಿ ನಿಂತರೆ ಗಾಬರಿ ಬೇಡ. ಬಾಯಲ್ಲಿ ಮೊಟ್ಟೆ ಇದೆ. ಸುಮಾರು ಮೂರು ವಾರಕ್ಕೆ ಮರಿ ಉಗುಳುತ್ತದೆ. ಹೆಂಚಿನ ಸಂದಿ ಸಾಕಷ್ಟಿದ್ದರೆ ನಾಲ್ಕೈದು ತಾವಾಗಿ ಉಳಿಯುತ್ತವೆ.