ಎಂಜಿಬಿಯ ಎಡಗಡೆ ಬ್ರೇಕ್ ಹಿಡಿದುಕೊಂಡಾಗ

ಬ್ರೇಕ್ ಒತ್ತಿದರೆ ಗಾಡಿ ಬಲಕ್ಕೆ ಎಳೆಯುತ್ತಿತ್ತು. ಕಾಲು ತೆಗೆದರೆ ಎಡಕ್ಕೆ. ನನ್ನ 1970ರ ಎಂಜಿಬಿ (ಬ್ರಿಟಿಷ್ ಸ್ಪೋರ್ಟ್ಸ್ ಕಾರು) ಹೀಗೆ ಮಾಡೋಕೆ ಶುರು ಮಾಡಿದಾಗ ನನಗೆ ಮೊದಲು ಅನುಮಾನ ಬಂದಿದ್ದು ಎಡಗಡೆ ಕ್ಯಾಲಿಪರ್ ಮೇಲೆ, ಅಂದರೆ ಚಕ್ರದ ಜೊತೆ ತಿರುಗುವ ಡಿಸ್ಕನ್ನು ಎರಡೂ ಕಡೆಯಿಂದ ಹಿಡಿಯುವ ಭಾಗದ ಮೇಲೆ. ಪಿಸ್ಟನ್ ತುಕ್ಕು ಹಿಡಿದು ಜಾಮ್ ಆಗಿರಬೇಕು ಅಂದುಕೊಂಡೆ. ಹೊಸ ಸೀಲ್, ಪಿಸ್ಟನ್ ತರಿಸೋಕೂ ಹೊರಟಿದ್ದೆ.

ಈ ಕಾರಿನಲ್ಲಿ ಡಿಸ್ಕ್ ಇರುವುದು ಮುಂದೆ ಮಾತ್ರ, ಹಿಂದೆ ಡ್ರಮ್. ಕ್ಯಾಲಿಪರ್ ಅತ್ತಿತ್ತ ಜರುಗುವುದಿಲ್ಲ. ಡಿಸ್ಕಿನ ಎರಡೂ ಕಡೆ ಒಂದೊಂದು ಪಿಸ್ಟನ್ ಇರುತ್ತದೆ, ಅದು ಬ್ರೇಕ್ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. ಕಾಲು ತೆಗೆದಾಗ ಪಿಸ್ಟನ್ನನ್ನು ಹಿಂದೆ ಎಳೆಯೋಕೆ ಸ್ಪ್ರಿಂಗ್ ಏನೂ ಇಲ್ಲ. ಬ್ರೇಕ್ ಒತ್ತುವಾಗ ವಾಲಿದ ರಬ್ಬರ್ ಸೀಲ್ ಮತ್ತೆ ನೆಟ್ಟಗಾಗುತ್ತದಲ್ಲ, ಆಗ ಪಿಸ್ಟನ್ ಕೂದಲೆಳೆಯಷ್ಟು ಹಿಂದೆ ಬರುತ್ತದೆ, ಅಷ್ಟೇ. ಒಳಗೆ ಚೂರು ಒತ್ತಡ ಉಳಿದರೂ ಪ್ಯಾಡ್ ಡಿಸ್ಕನ್ನು ಬಿಡುವುದಿಲ್ಲ.

ಹಾಗಾಗಿ ಒತ್ತಡ ಎಲ್ಲಿ ಸಿಕ್ಕಿಕೊಂಡಿದೆ ಅಂತ ಮೊದಲು ನೋಡೋಣ ಅನ್ನಿಸಿತು. ಹಿಂದಿನ ಚಕ್ರಗಳಿಗೆ ಅಡ್ಡ ಕೊಟ್ಟು, ಮುಂಭಾಗ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿದೆ. ಬರೀ ಜಾಕ್ ನಂಬಿ ಕೈ ಹಾಕಬೇಡಿ. ಬ್ರೇಕ್ ಒತ್ತಿ, ಬಿಟ್ಟು, ಚಕ್ರ ತಿರುಗಿಸಿದೆ. ಬಲಗಡೆಯದು ಸಲೀಸಾಗಿ ತಿರುಗಿತು. ಎಡಗಡೆಯದು ಗಟ್ಟಿ. ತಪ್ಪು ಮಾಸ್ಟರ್ ಸಿಲಿಂಡರ್‌ನದಾಗಿದ್ದರೆ (ಪೆಡಲ್ ಒತ್ತಿದಾಗ ಎಲ್ಲ ಚಕ್ರಗಳಿಗೂ ಆಯಿಲ್ ತಳ್ಳುವುದು ಅದೇ) ಎರಡೂ ಹಿಡಿಯಬೇಕಿತ್ತು, ಅಲ್ವಾ?

ಎಡಗಡೆ ಕ್ಯಾಲಿಪರ್‌ನ ಬ್ಲೀಡ್ ಸ್ಕ್ರೂಗೆ (ಗಾಳಿ, ಆಯಿಲ್ ಹೊರಬಿಡುವ ಸ್ಕ್ರೂ) ಸಣ್ಣ ಪೈಪ್ ಸಿಕ್ಕಿಸಿ ಕಾಲು ಸುತ್ತು ಸಡಿಲಿಸಿದೆ. ಬ್ರೇಕ್ ಆಯಿಲ್ ಚಿಮ್ಮಿತು. ಮರುಕ್ಷಣ ಚಕ್ರ ಹಗುರಾಗಿ ತಿರುಗಿತು. ಅಂದರೆ ಪಿಸ್ಟನ್ ಜಾಮ್ ಆಗಿಲ್ಲ. ಜಾಮ್ ಆಗಿದ್ದರೆ ಸ್ಕ್ರೂ ಬಿಚ್ಚಿದರೂ ಚಕ್ರ ಬಿಗಿಯಾಗೇ ಇರುತ್ತಿತ್ತು.

ಸ್ಕ್ರೂ ಬಿಗಿಮಾಡಿ ಮತ್ತೆ ಬ್ರೇಕ್ ಒತ್ತಿ ಬಿಟ್ಟೆ. ಈ ಸಲ ಲೋಹದ ಪೈಪ್ ರಬ್ಬರ್ ಹೋಸ್‌ಗೆ ಸೇರುವ ಜಾಗದಲ್ಲಿ ನಟ್ ಸಡಿಲಿಸಿದೆ. ಚಕ್ರ ಬಿಡಲಿಲ್ಲ. ಅಂದರೆ ಒತ್ತಡ ಈ ನಟ್‌ಗೂ ಕ್ಯಾಲಿಪರ್‌ಗೂ ನಡುವೆ ಸಿಕ್ಕಿಕೊಂಡಿದೆ. ಅಲ್ಲಿಗೆ ಕಳ್ಳ ಸಿಕ್ಕಿಬಿದ್ದ. ಹೋಸ್!

ಹೊರಗಿನಿಂದ ಅದರಲ್ಲಿ ಒಂದು ಬಿರುಕೂ ಇರಲಿಲ್ಲ. ಬಿಚ್ಚಿ ಬ್ಲೇಡಿನಿಂದ ಉದ್ದಕ್ಕೆ ಸೀಳಿ ನೋಡಿದೆ. ಒಳಗಿನ ರಬ್ಬರ್ ಊದಿಕೊಂಡು, ಸೂಜಿಯಷ್ಟೇ ದಾರಿ ಉಳಿದಿತ್ತು. ಕಾಲಿನಿಂದ ಜೋರಾಗಿ ಒತ್ತಿದಾಗ ಆಯಿಲ್ ಹೇಗೋ ನುಗ್ಗಿ ಹೋಗುತ್ತದೆ, ಸ್ವಲ್ಪ ತಡವಾಗಿ. ಅದಕ್ಕೇ ಮೊದಲು ಬಲಕ್ಕೆ ಎಳೆತ. ಅದನ್ನು ವಾಪಸ್ ತಳ್ಳೋಕೆ ಸೀಲ್‌ಗೆ ಅಷ್ಟು ಶಕ್ತಿಯಿಲ್ಲ. ಅದಕ್ಕೇ ಆಮೇಲೆ ಎಡಕ್ಕೆ.

ಎರಡೂ ಕಡೆ ಹೊಸ ಹೋಸ್ ಹಾಕಿದೆ. ಒಂದು ಹಾಳಾಗಿದ್ದರೆ ಇನ್ನೊಂದರದ್ದೂ ಅದೇ ವಯಸ್ಸು. ಕ್ಯಾಲಿಪರ್ ಬಿಚ್ಚುವ ಕೆಲಸ ಬಂದರೆ ಅದನ್ನು ಹೋಸ್ ಮೇಲೆ ಜೋತಾಡಿಸಬೇಡಿ, ತಂತಿಯಲ್ಲಿ ಕಟ್ಟಿ. ಆಯಿಲ್ ಪೇಂಟ್ ಮೇಲೆ ಬಿದ್ದರೆ ತಕ್ಷಣ ನೀರು ಹಾಕಿ ತೊಳೆಯಿರಿ, ಇಲ್ಲದಿದ್ದರೆ ಪೇಂಟ್ ಕಿತ್ತು ಬರುತ್ತದೆ.

ಆಯಿಲ್ ತುಂಬಿಸಿ, ಗಾಳಿ ಪೂರ್ತಿ ತೆಗೆದು, ಖಾಲಿ ರಸ್ತೆಯಲ್ಲಿ ಓಡಿಸಿದೆ. ಬ್ರೇಕ್ ಒತ್ತಿದಾಗ ಸ್ಟೀರಿಂಗ್ ನೆಟ್ಟಗೇ ಇತ್ತು. ಇಳಿದು ಎರಡೂ ಚಕ್ರದ ಹತ್ತಿರ ಅಂಗೈ ಹಿಡಿದೆ. ಎರಡೂ ಕಡೆ ಒಂದೇ ಬಿಸಿ.