ಕೂಸಿನ ಡೈಪರ್ ಜಾಗದ ಸಣ್ಣ ಗಾಯಗಳ ಆರೈಕೆ

ಡೈಪರ್ ಬಿಚ್ಚಿದಾಗ ಕೂಸಿನ ತೊಡೆಸಂದಿಯಲ್ಲೋ ಕುಂಡಿಯ ಮೇಲೋ ಚರ್ಮ ಸುಲಿದು ಹಸಿಯಾಗಿರುವುದು ಕಂಡರೆ, ಮನೆಯಲ್ಲಿ ಒಬ್ಬರು ಅರಿಸಿನ ಎನ್ನುತ್ತಾರೆ, ಇನ್ನೊಬ್ಬರು ಪೌಡರ್ ಡಬ್ಬಿ ತರುತ್ತಾರೆ. ಏನನ್ನಾದರೂ ಹಚ್ಚುವ ಮೊದಲು ಗಾಯ ಹೇಗಾಯಿತೆಂಬುದನ್ನು ನೋಡಬೇಕು, ಏಕೆಂದರೆ ಕಾರಣವನ್ನು ತೆಗೆದರೆ ಎಳೆಯ ಚರ್ಮ ಬಹಳ ಬೇಗ ತಾನಾಗಿಯೇ ಮಾಯುತ್ತದೆ.

ಹೆಚ್ಚಿನ ಸಲ ಕಾರಣ ಒದ್ದೆಯೇ ಆಗಿರುತ್ತದೆ. ಮಲದಲ್ಲಿರುವ ಬ್ಯಾಕ್ಟೀರಿಯಾ ಮೂತ್ರದ ಯೂರಿಯಾವನ್ನು ಒಡೆದಾಗ ಅಮೋನಿಯಾ ಹುಟ್ಟಿ, ಚರ್ಮದ ಸಹಜ ಆಮ್ಲೀಯತೆ ಕಡಿಮೆಯಾಗುತ್ತದೆ. ಆಗ ಮಲದಲ್ಲಿರುವ ಜೀರ್ಣಕಾರಿ ಕಿಣ್ವಗಳು ಚುರುಕಾಗಿ, ನೆನೆದು ಮೆತ್ತಗಾದ ಚರ್ಮದ ಮೇಲ್ಪದರವನ್ನು ಕೊರೆಯುತ್ತವೆ. ಭೇದಿಯಾದ ದಿನ ಕೆಲವೇ ಗಂಟೆಗಳಲ್ಲಿ ಚರ್ಮ ಕೆಂಪಗಾಗುವುದು ಇದರಿಂದಲೇ. ಉಳಿದ ಗಾಯಗಳು ಉಜ್ಜಿ ಆಗುವಂಥವು: ಬಿಗಿಯಾದ ಎಲಾಸ್ಟಿಕ್, ಲಂಗೋಟಿಯ ಪಿನ್ನು, ಕೂಸಿನ ಅಥವಾ ನಮ್ಮದೇ ಉಗುರು. ನಮ್ಮ ಕಡೆಯ ಮನೆಗಳಲ್ಲಿ ಉಡಿದಾರವನ್ನೂ ಇದಕ್ಕೆ ಸೇರಿಸಬೇಕು. ಡೈಪರಿನ ಪಟ್ಟಿಯ ಅಡಿಯಲ್ಲಿ ಸಿಕ್ಕಿಕೊಂಡ ದಾರ ನೆನೆದು ಬಿಗಿಯಾಗಿ ಸೊಂಟದ ಸುತ್ತ ಗೆರೆ ಕೊರೆಯುತ್ತದೆ. ಗಾಯ ಮಾಯುವವರೆಗೆ ಅದನ್ನು ಬಿಚ್ಚಿಟ್ಟರೆ ಯಾವ ಅಶುಭವೂ ಆಗುವುದಿಲ್ಲ.

ಗಾಯವನ್ನು ತೊಳೆಯಲು ಉಗುರುಬೆಚ್ಚಗಿನ ನೀರು ಮತ್ತು ಹತ್ತಿ ಸಾಕು. ಕೈಯನ್ನು ಸೋಪಿನಿಂದ ತೊಳೆದುಕೊಂಡು, ಹೆಣ್ಣು ಮಗುವಾದರೆ ಮುಂದಿನಿಂದ ಹಿಂದಕ್ಕೆ ಒರೆಸುತ್ತ, ಮಡಿಕೆಗಳನ್ನು ಬಿಡಿಸಿ ಶುಚಿ ಮಾಡಬೇಕು. ಗಂಡು ಮಗುವಿನ ಮುಂದೊಗಲನ್ನು ಬಲವಂತವಾಗಿ ಹಿಂದಕ್ಕೆ ಎಳೆಯಬಾರದು, ಎಳೆದರೆ ಅದೇ ಹೊಸ ಗಾಯವಾಗುತ್ತದೆ. ಹಸಿ ಗಾಯದ ಮೇಲೆ ಸುವಾಸನೆಯ ವೈಪ್ಸ್, ಸ್ಪಿರಿಟ್, ನಂಜುನಿವಾರಕ ದ್ರಾವಣ ಯಾವುದೂ ಬೇಡ. ಗೀರಿನಿಂದ ರಕ್ತ ಜಿನುಗುತ್ತಿದ್ದರೆ ಶುಭ್ರ ಬಟ್ಟೆಯನ್ನು ಐದು ನಿಮಿಷ ಮೃದುವಾಗಿ ಒತ್ತಿ ಹಿಡಿಯಬೇಕು, ನಡುನಡುವೆ ಎತ್ತಿ ನೋಡಬಾರದು.

ಆಮೇಲೆ ಉಜ್ಜದೆ, ಮೆತ್ತಗೆ ಒತ್ತಿ ಒಣಗಿಸಿ, ದಿನಕ್ಕೆ ಮೂರು ನಾಲ್ಕು ಸಲ ಹತ್ತು ಹದಿನೈದು ನಿಮಿಷವಾದರೂ ಕೂಸನ್ನು ಹಳೆಯ ಹತ್ತಿ ಸೀರೆಯ ಮೇಲೆ ಹಾಗೆಯೇ ಮಲಗಿಸಬೇಕು. ನನ್ನ ದೃಷ್ಟಿಯಲ್ಲಿ ಇಡೀ ಆರೈಕೆಯಲ್ಲಿ ಇದಕ್ಕಿಂತ ದೊಡ್ಡ ಔಷಧವಿಲ್ಲ, ಮಳೆಗಾಲದಲ್ಲಂತೂ ಇದನ್ನು ತಪ್ಪಿಸಲೇಬಾರದು. ಚರ್ಮ ಒಣಗಿದ ಮೇಲೆ ಝಿಂಕ್ ಆಕ್ಸೈಡ್ ಮುಲಾಮನ್ನೋ ಬರಿಯ ಪೆಟ್ರೋಲಿಯಂ ಜೆಲ್ಲಿಯನ್ನೋ ದಪ್ಪವಾಗಿ ಬಳಿಯಬೇಕು. ಅದರ ಕೆಲಸ ಒದ್ದೆಗೆ ತಡೆಗೋಡೆಯಾಗುವುದು. ಆದ್ದರಿಂದ ಪ್ರತಿ ಸಲವೂ ಅದನ್ನು ಪೂರ್ತಿ ಕೆರೆದು ತೆಗೆಯದೆ, ಮೇಲಿನ ಮಲವನ್ನಷ್ಟೇ ಒರೆಸಿ ಮತ್ತೊಂದು ಪದರ ಹಚ್ಚಿದರಾಯಿತು. ಡೈಪರನ್ನು ಎರಡು ಮೂರು ಗಂಟೆಗೊಮ್ಮೆಯೂ, ಮಲ ಮಾಡಿದ ತಕ್ಷಣವೂ ಬದಲಿಸಿ, ಸೊಂಟದ ಬಳಿ ಎರಡು ಬೆರಳು ತೂರುವಷ್ಟು ಸಡಿಲವಾಗಿ ಕಟ್ಟಬೇಕು. ಬಟ್ಟೆಯ ಲಂಗೋಟಿಯಾದರೆ ಸೋಪಿನ ಅಂಶ ಉಳಿಯದಂತೆ ಜಾಲಿಸಿ ಬಿಸಿಲಿನಲ್ಲಿ ಒಣಗಿಸಬೇಕು.

ಹಚ್ಚಬಾರದ ವಸ್ತುಗಳ ವಿಷಯದಲ್ಲಿ ಸ್ವಲ್ಪ ಕಠಿಣವಾಗಿಯೇ ಹೇಳಬೇಕಾಗಿದೆ. ಟಾಲ್ಕಮ್ ಪೌಡರ್ ಹಾರಿ ಕೂಸಿನ ಉಸಿರಿನೊಡನೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಬೋರಿಕ್ ಪುಡಿ ಸುಲಿದ ಚರ್ಮದ ಮೂಲಕ ರಕ್ತಕ್ಕೆ ಸೇರಿ ವಿಷವಾಗಬಲ್ಲದು. ಔಷಧದಂಗಡಿಯಲ್ಲಿ ಕೇಳಿದೊಡನೆ ಕೊಡುವ, ಸ್ಟೀರಾಯ್ಡ್, ಶಿಲೀಂಧ್ರನಾಶಕ ಹಾಗೂ ಆ್ಯಂಟಿಬಯೋಟಿಕ್ ಬೆರೆತ ಮುಲಾಮುಗಳು ಎರಡೇ ದಿನದಲ್ಲಿ ಕೆಂಪನ್ನು ಇಳಿಸಿದಂತೆ ಕಂಡರೂ, ಡೈಪರಿನಡಿಯ ಮುಚ್ಚಿದ ಜಾಗದಲ್ಲಿ ಸ್ಟೀರಾಯ್ಡ್ ಹೆಚ್ಚಾಗಿ ಹೀರಲ್ಪಟ್ಟು ಚರ್ಮವನ್ನು ತೆಳುವಾಗಿಸುತ್ತದೆ. ಅವನ್ನು ವೈದ್ಯರು ಬರೆದುಕೊಡದೆ ಬಳಸಲೇಬಾರದು.

ಮಡಿಕೆಗಳನ್ನು ಗಮನಿಸಿದರೆ ಇನ್ನೊಂದು ಸಂಗತಿ ತಿಳಿಯುತ್ತದೆ. ಒದ್ದೆಯಿಂದಾದ ಗಂದೆ ಸಾಮಾನ್ಯವಾಗಿ ಉಬ್ಬಿದ ಭಾಗಗಳಲ್ಲಿದ್ದು ಮಡಿಕೆಯ ಆಳವನ್ನು ಬಿಟ್ಟಿರುತ್ತದೆ. ಮಡಿಕೆಯೊಳಗೇ ಗಾಢ ಕೆಂಪಾಗಿ, ಸುತ್ತಲೂ ಚಿಕ್ಕ ಚಿಕ್ಕ ಕೆಂಪು ಚುಕ್ಕೆಗಳು ಚೆಲ್ಲಿದಂತಿದ್ದರೆ ಅದು ಬಹುಶಃ ಕ್ಯಾಂಡಿಡಾ ಶಿಲೀಂಧ್ರದ ಸೋಂಕು, ಅದಕ್ಕೆ ಬೇರೆಯೇ ಮುಲಾಮು ಬೇಕು. ಮಗು ಕಾರಣ ತಿಳಿಯದೆ ಒಂದೇ ಸಮನೆ ಅಳುತ್ತಿದ್ದರೆ ಜನನಾಂಗದ ಸುತ್ತಲೂ ಕಾಲ್ಬೆರಳುಗಳಲ್ಲೂ ತಲೆಗೂದಲು ಸುತ್ತಿಕೊಂಡಿದೆಯೇ ಎಂದು ನೋಡಬೇಕು. ಬಾಣಂತಿಯರ ಕೂದಲು ಹೆಚ್ಚು ಉದುರುವ ಕಾಲದಲ್ಲಿ ಇದು ಆಗುವುದುಂಟು. ಕೂದಲು ಮಾಂಸದಲ್ಲಿ ಹುದುಗಿ ಆ ಭಾಗ ಊದಿದ್ದರೆ ಅರೆ ಗಳಿಗೆಯೂ ಕಾಯದೆ ಆಸ್ಪತ್ರೆಗೆ ಒಯ್ಯಬೇಕು.

ಮೂರು ದಿನಗಳ ಆರೈಕೆಯಲ್ಲೂ ಗಾಯ ಇಳಿಮುಖವಾಗದಿದ್ದರೆ, ಗುಳ್ಳೆ, ಕೀವು ಅಥವಾ ಹರಡುತ್ತಿರುವ ಊತ ಕಂಡರೆ, ರಕ್ತ ಹತ್ತು ನಿಮಿಷ ಒತ್ತಿದರೂ ನಿಲ್ಲದಿದ್ದರೆ, ಕಾರಣವೇ ತಿಳಿಯದ ಬಾಸುಂಡೆಗಳಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಬೇಕು. ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚು ಜ್ವರವಿದ್ದರೆ ಅಂದೇ ತೋರಿಸಬೇಕು. ಹೋಗುವಾಗ ಅಲ್ಲಿಯವರೆಗೆ ಹಚ್ಚಿದ ಮುಲಾಮುಗಳ ಟ್ಯೂಬುಗಳನ್ನೆಲ್ಲ ಜೊತೆಗೆ ಒಯ್ಯಿರಿ.